ಹವಳದೊಳಗೆ ಯಾರ್ಯಾರಿದ್ದಾರೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳು ಬಿಳುಚಿಕೊಂಡ ಬಗ್ಗೆ ಬರೆದಿದ್ದೆವು. ಅದರಲ್ಲಿ ‘ಹವಳ ಒಂಟಿ ಜೀವಿ ಅಲ್ಲ, ಅದರೊಳಗೆ ಪಾಚಿ, ಬ್ಯಾಕ್ಟೀರಿಯಾ ಎಲ್ಲಾ ಇರುತ್ತವೆ’ ಅಂತ ಒಂದೇ ಒಂದು ಸಾಲು ಇತ್ತು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಸಾಲಿನ ಬಗ್ಗೆಯೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನೇತ್ರಾಣಿಯಲ್ಲಿ ಡೈವಿಂಗ್ ಮಾಡುವಾಗ ಬಂಡೆಗಳ ಮೇಲೆ ಹವಳ ನೋಡಿದೆ. ಜೊತೆಗಿದ್ದವರು ಪ್ರಾಣಿ ಅಂದರು. ನೀವು ಪಾಚಿ ಅಂತೀರಿ, ಬ್ಯಾಕ್ಟೀರಿಯಾ ಅಂತೀರಿ. ಸರಿಯಾಗಿ ಹೇಳಿ, ಅದು ಏನು?
— ಭಟ್ಕಳದ ಓದುಗರು

ಪ್ರಾಣಿಯೇ, ಅನುಮಾನ ಬೇಡ. ಜೆಲ್ಲಿ ಮೀನಿನ ಬಳಗ. ಯಾರದ್ದಾದರೂ ಮನೆಯ ಷೋಕೇಸಿನಲ್ಲಿ ಹಳೆಯ ಬಿಳಿ ಹವಳದ ತುಂಡಿದ್ದರೆ ಕಣ್ಣಿನ ಹತ್ತಿರ ಹಿಡಿದು ನೋಡಿ. ಮೈತುಂಬ ಪುಟ್ಟ ಪುಟ್ಟ ಬಟ್ಟಲುಗಳು ಕಾಣುತ್ತವೆ. ಒಂದೊಂದು ಬಟ್ಟಲಿನ ಅಂಚಿನಿಂದ ನಡುವಿಗೆ ಕಾಗದದಷ್ಟು ತೆಳುವಾದ ಗೋಡೆಗಳು ಬಂದಿರುತ್ತವೆ. ಎಣಿಸಿದರೆ ಸಾಮಾನ್ಯವಾಗಿ ಆರರ ಮಗ್ಗಿಯಲ್ಲೇ ಸಿಗುತ್ತವೆ. ಒಂದೊಂದು ಬಟ್ಟಲಲ್ಲೂ ಒಂದೊಂದು ಪಾಲಿಪ್ ಕೂತಿತ್ತು. ಒಂದು ಬಾಯಿ, ಸುತ್ತ ಎಳೆಗಳು, ಒಳಗೊಂದು ಹೊಟ್ಟೆ, ಅಷ್ಟೇ ಅದರ ದೇಹ. ತಿನ್ನೋದೂ ಅದೇ ಬಾಯಿಂದ, ಹೊರಹಾಕೋದೂ ಅದೇ ಬಾಯಿಂದ. ಕೆಳಗಿನ ಸುಣ್ಣದ ಬಟ್ಟಲು ಅದು ತಾನೇ ಕಟ್ಟಿಕೊಂಡದ್ದು. (ಹಾಗಂತ ಸಮುದ್ರದಿಂದ ಹೊಸ ತುಂಡು ಕಿತ್ತು ತರಬೇಡಿ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ.)

ಈಗ ಒಳಗೆ ಯಾರಿದ್ದಾರೆ ಅಂತ ನೋಡೋಣ. ಮೊದಲು ಪಾಚಿ. ಪಾಲಿಪ್‌ನ ಜೀವಕೋಶಗಳ ಒಳಗೇ, ಹೌದು ಕೋಶದ ಒಳಗೇ, ಕಂದು ಬಣ್ಣದ ಒಂಟಿಕೋಶದ ಪಾಚಿಗಳು ವಾಸ ಮಾಡುತ್ತವೆ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಸುಮಾರು 10 ಲಕ್ಷ. ಅವು ಬಿಸಿಲು ಹಿಡಿದು ಸಕ್ಕರೆ ಮಾಡಿ ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಹೀಗೆ ಬರಬಹುದು. ಬದಲಿಗೆ ಪಾಚಿಗೆ ಸಿಗೋದು ಹವಳದ ಹೊಲಸಿನಲ್ಲಿರುವ ಸಾರಜನಕ, ಅದು ಉಸಿರು ಬಿಟ್ಟ ಇಂಗಾಲದ ಡೈಆಕ್ಸೈಡ್, ಮತ್ತೆ ಯಾರೂ ತಿನ್ನದ ಒಂದು ಜಾಗ.

ಪಾಚಿಯ ಕಥೆ ಶಾಲೆಯ ಪುಸ್ತಕದಲ್ಲೂ ಬರುತ್ತೆ. ಉಳಿದವರ ಸುದ್ದಿ ಅಷ್ಟು ಬರಲ್ಲ. ಹವಳದ ಮೈಮೇಲೆ ಲೋಳೆಯ ಪದರ ಇದೆ, ಅದರಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿವೆ. ಇವುಗಳಲ್ಲಿ ಕೆಲವು ಆಂಟಿಬಯಾಟಿಕ್ ತಯಾರಿಸಿ ಹೊರಗಿನ ರೋಗಾಣುಗಳನ್ನು ದೂರ ಇಡುತ್ತವೆ. ಅಮೆರಿಕದ ಕಿಮ್ ರಿಚಿ ಅನ್ನೋ ವಿಜ್ಞಾನಿ ಫ್ಲಾರಿಡಾದ ಎಲ್ಕ್‌ಹಾರ್ನ್ ಹವಳದ ಲೋಳೆ ತೆಗೆದು ಪರೀಕ್ಷೆ ಮಾಡಿದಾಗ ಆರೋಗ್ಯವಾಗಿದ್ದ ಹವಳದ ಲೋಳೆ ಬೇರೆ ಬ್ಯಾಕ್ಟೀರಿಯಾಗಳನ್ನು ಬೆಳೆಯಲು ಬಿಡಲಿಲ್ಲ, ಆದರೆ 2005ರ ಬೇಸಿಗೆಯಲ್ಲಿ ಹವಳ ಬಿಳುಚಿಕೊಂಡ ಹೊತ್ತಿಗೆ ತೆಗೆದ ಲೋಳೆಯಲ್ಲಿ ಆ ಶಕ್ತಿಯೇ ಇರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಲೋಳೆಯ ಕೆಳಗೆ, ಮಾಂಸದೊಳಗೆ, ಎಂಡೋಜೋಯಿಕೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಗುಂಪು ಗುಂಪಾಗಿ ಗಂಟು ಕಟ್ಟಿಕೊಂಡಿರುತ್ತದೆ. ಲೋಕದ ಎಷ್ಟೋ ಕಡೆಯ ಹವಳಗಳಲ್ಲಿ ಇದು ಸಿಗುತ್ತೆ. ಇನ್ನೂ ಕೆಳಗೆ, ಸುಣ್ಣದ ಮೂಳೆಯೊಳಗೆ, ಆಸ್ಟ್ರಿಯೋಬಿಯಂ ಅನ್ನೋ ಹಸಿರು ಪಾಚಿ ಸುಣ್ಣವನ್ನೇ ಕೊರೆದುಕೊಂಡು ಬದುಕುತ್ತೆ. ಜೀವಂತ ಹವಳವನ್ನು ಅಡ್ಡ ಸೀಳಿದರೆ ಚರ್ಮದ ಕೆಳಗೆ ಹಸಿರು ಪಟ್ಟೆ ಕಾಣೋದು ಇದರದ್ದೇ. ಸಾಲದ್ದಕ್ಕೆ ಮಲೇರಿಯಾ ಪರಾವಲಂಬಿಯ ದೂರದ ಸಂಬಂಧಿಯೊಂದು ಹವಳದ ಹೊಟ್ಟೆಯೊಳಗೆ ಇದೆ ಅಂತ 2019ರಲ್ಲಿ ಗೊತ್ತಾಯಿತು. ಅದರ ಬಳಿ ಪತ್ರಹರಿತ್ತು ಮಾಡುವ ಜೀನ್‌ಗಳಿವೆ, ಆದರೆ ಬಿಸಿಲಿಂದ ಆಹಾರ ಮಾಡುವ ಯಂತ್ರವೇ ಇಲ್ಲ. ವಿಚಿತ್ರ ಅಲ್ವಾ?

ಪ್ರಾಣಿ ಮತ್ತು ಒಳಗಿರುವ ಇವರೆಲ್ಲ ಸೇರಿದ ಒಟ್ಟು ಬಳಗಕ್ಕೆ ವಿಜ್ಞಾನಿಗಳು ಹೋಲೋಬಯಾಂಟ್ ಅಂತಾರೆ. ನೇತ್ರಾಣಿಯಲ್ಲಿ ನೀವು ನೋಡಿದ್ದು ಅದನ್ನೇ.

ಪ್ರಶ್ನೆ: ನೀರು ಬಿಸಿಯಾದರೆ ಹವಳ ಪಾಚಿಯನ್ನು ಹೊರಗೆ ಹಾಕುತ್ತದಂತೆ. ಅನ್ನ ಹಾಕುವವರನ್ನೇ ಯಾಕೆ ಓಡಿಸಬೇಕು? ಬೇರೆ ಪಾಚಿ ತಂದುಕೊಳ್ಳಬಹುದಲ್ಲ?
— ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿ

ಬಿಸಿ ಜಾಸ್ತಿಯಾಗಿ ಬಿಸಿಲೂ ಜೋರಾಗಿದ್ದರೆ ಪಾಚಿಯ ಯಂತ್ರ ಕೆಡುತ್ತೆ. ಸಕ್ಕರೆಯ ಬದಲು ಕೋಶಗಳನ್ನು ಸುಡುವಂಥ ಆಕ್ಸಿಜನ್ ರೂಪಗಳು ಹುಟ್ಟತೊಡಗುತ್ತವೆ. ಆಗ ಹವಳ ಪಾಚಿಯನ್ನು ಉಗುಳುತ್ತೆ, ಇಲ್ಲವೇ ಅಲ್ಲೇ ಜೀರ್ಣಿಸಿಕೊಳ್ಳುತ್ತೆ, ಕೆಲವು ಸಲ ಪಾಚಿ ತುಂಬಿದ ತನ್ನ ಕೋಶಗಳನ್ನೇ ಕಳಚಿ ಹಾಕುತ್ತೆ. ಹವಳದ ಚರ್ಮ ಗಾಜಿನಂತೆ ಪಾರದರ್ಶಕ, ಹಾಗಾಗಿ ಪಾಚಿ ಹೋದ ಮೇಲೆ ಕೆಳಗಿನ ಬಿಳಿ ಸುಣ್ಣ ಕಾಣುತ್ತೆ. ಸತ್ತಿಲ್ಲ, ಉಪವಾಸ ಬಿದ್ದಿದೆ. ಅಮೆರಿಕದ ಸಾಗರ ಸಂಸ್ಥೆ ನೋವಾ ಬಳಸುವ ಲೆಕ್ಕ ಹೀಗಿದೆ: ಆ ಜಾಗದ ಅತಿ ಬಿಸಿ ತಿಂಗಳ ಮಾಮೂಲಿ ತಾಪಮಾನಕ್ಕಿಂತ 1 ಡಿಗ್ರಿ ಜಾಸ್ತಿ ಬಿಸಿ 4 ವಾರ ನಿಂತರೆ ಬಿಳುಚುವಿಕೆ ನಿರೀಕ್ಷಿಸಬಹುದು, 8 ವಾರ ನಿಂತರೆ ಸಾವು. ಒಂದೇ ಒಂದು ಡಿಗ್ರಿ!

ಬೇರೆ ಪಾಚಿಯ ಮಾತು ಕೇಳಿದಿರಿ, ಒಳ್ಳೆಯ ಪ್ರಶ್ನೆ. ಡುರುಸ್ಡಿನಿಯಂ ಅನ್ನೋ ಬಿಸಿ ತಡೆಯುವ ಪಾಚಿ ಇದೆ, ಅದನ್ನಿಟ್ಟುಕೊಂಡ ಹವಳ ಸುಮಾರು 1ರಿಂದ 1.5 ಡಿಗ್ರಿ ಹೆಚ್ಚು ತಾಳುತ್ತೆ. ಆದರೆ ಅದು ಹವಳಕ್ಕೆ ಕೊಡುವ ಪಾಲು ಕಡಿಮೆ, ಬೆಳವಣಿಗೆ ನಿಧಾನ. ಪೆಸಿಫಿಕ್ ಸಾಗರದ ಕಿರಿತಿಮತಿ ದ್ವೀಪದಲ್ಲಿ 2015–16ರಲ್ಲಿ ಸುಮಾರು 10 ತಿಂಗಳು ಬಿಸಿನೀರು ಬಿಡದೆ ನಿಂತಿತು. ಹವಳ ಬಹುಪಾಲು ಸತ್ತೇ ಹೋಯಿತು. ಆದರೆ ಜೂಲಿಯಾ ಬಾಮ್ ಅವರ ತಂಡ ಗುರುತು ಹಾಕಿಟ್ಟಿದ್ದ ಕೆಲವು ಹವಳಗಳು ನೀರು ಇನ್ನೂ ಬಿಸಿ ಇರುವಾಗಲೇ ಬಣ್ಣ ತಿರುಗಿಸಿಕೊಂಡವು. ಹಳೆಯ ಪಾಚಿ ಹೋಗಿ ಡುರುಸ್ಡಿನಿಯಂ ಬೆಳೆದಿತ್ತು. ಬಿಸಿ ಇಳಿದ ಮೇಲೇ ಚೇತರಿಕೆ ಅಂತ ಅಲ್ಲಿವರೆಗೆ ಎಲ್ಲರೂ ನಂಬಿದ್ದರು. ಇಲ್ಲಿ ಇನ್ನೊಂದು ವಿಷಯವಿದೆ, ನನಗೆ ಅದೇ ಮುಖ್ಯ ಅನ್ನಿಸುತ್ತೆ: ಹೀಗೆ ಎದ್ದು ಕೂತವು ಊರು, ಬಂದರು, ಕೊಳಚೆಯಿಂದ ದೂರ ಇದ್ದ ಹವಳಗಳು. ಊರಿನ ಪಕ್ಕದವಕ್ಕೆ ಆ ಅವಕಾಶ ಸಿಗಲಿಲ್ಲ.

ಪ್ರಶ್ನೆ: ತಾಯಿ ಹವಳದಿಂದ ಮರಿಗೆ ಪಾಚಿ, ಬ್ಯಾಕ್ಟೀರಿಯಾ ಹೋಗುತ್ತವಾ?
— ತುಮಕೂರಿನ ಶಿಕ್ಷಕರು

ಕೆಲವು ಜಾತಿಗಳಲ್ಲಿ ಹೌದು, ಮೊಟ್ಟೆಯಲ್ಲೇ ಪಾಚಿ ಹಾಕಿ ಕಳಿಸುತ್ತವೆ. ಆದರೆ ಮೊಟ್ಟೆ, ವೀರ್ಯ ನೀರಿಗೆ ಬಿಡುವ ಜಾತಿಗಳಲ್ಲಿ ಹೆಚ್ಚಿನವು ಮರಿಗೆ ಪಾಚಿ ಕೊಡಲ್ಲ. ಮರಿ ಬರಿಗೈಯಲ್ಲಿ ಹೊರಟು ಸಮುದ್ರದಲ್ಲೇ ತನ್ನ ಪಾಚಿ ಹುಡುಕಿಕೊಳ್ಳಬೇಕು.

ಆ ಮರಿ ಎಲ್ಲಿ ಇಳಿದು ನೆಲೆಸಬೇಕು ಅಂತ ಹೇಳೋದರಲ್ಲೂ ಬ್ಯಾಕ್ಟೀರಿಯಾ ಕೈ ಇದೆ. ಬಂಡೆಗೆ ಅಂಟಿ ಬೆಳೆಯುವ ಗುಲಾಬಿ ಬಣ್ಣದ ಸುಣ್ಣಪಾಚಿಯ ಮೇಲೆ ಸ್ಯೂಡೋಆಲ್ಟೆರೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ, ಅದು ಟೆಟ್ರಾಬ್ರೋಮೋಪೈರೋಲ್ ಅನ್ನೋ ರಾಸಾಯನಿಕ ಬಿಡುತ್ತೆ, ಅದು ತಾಗಿದರೆ ಈಜುತ್ತಿದ್ದ ಮರಿ ಈಜು ನಿಲ್ಲಿಸಿ ಪಾಲಿಪ್ ಆಗಿ ಮಾರ್ಪಡುತ್ತೆ.

ಪ್ರಶ್ನೆ: ಬಿಳುಚಿಕೊಳ್ಳೋದು ಬ್ಯಾಕ್ಟೀರಿಯಾದಿಂದ ಬರುವ ರೋಗ ಅಂತ ಎಲ್ಲೋ ಓದಿದ ನೆನಪು. ನೀವು ಬಿಸಿ ಅಂತೀರಿ. ಯಾವುದು ನಿಜ?
— ಧಾರವಾಡದ ನಿವೃತ್ತ ಪ್ರಾಧ್ಯಾಪಕರು

ನೀವು ಓದಿದ್ದು ಸುಳ್ಳಲ್ಲ, ಹಾಗೆ ನಂಬಿದ ಕಾಲ ಇತ್ತು. ಇಸ್ರೇಲಿನ ಮೆಡಿಟರೇನಿಯನ್ ತೀರದಲ್ಲಿ ಆಕ್ಯುಲಿನಾ ಪಟಗೋನಿಕಾ ಅನ್ನೋ ಗಟ್ಟಿ ಹವಳ ಇದೆ. ಅದು ಬೇಸಿಗೆ ಬಂದಾಗ ಬಿಳುಚಿಕೊಳ್ಳುತ್ತಿತ್ತು. ಯೂಜೀನ್ ರೋಸೆನ್‌ಬರ್ಗ್ ಮತ್ತವರ ಜೊತೆಗಾರರು 1996ರಲ್ಲಿ ಅಪರಾಧಿ ಸಿಕ್ಕಿತು ಅಂತ ಪ್ರಕಟಿಸಿದರು. ಅದು ವಿಬ್ರಿಯೊ ಶಿಲೋಯಿ, ಕಾಲರಾ ಬ್ಯಾಕ್ಟೀರಿಯಾದ ಕುಟುಂಬದ್ದು. ಕೆಲಸ ಮಾಡುವ ರೀತಿಯನ್ನೂ ಬಿಡಿಸಿ ತೋರಿಸಿದರು. ನೀರು ತಣ್ಣಗಿದ್ದರೆ ಅದು ಹವಳಕ್ಕೆ ಅಂಟಲ್ಲ. ಬಿಸಿಯಾದರೆ ಲೋಳೆಗೆ ಅಂಟಿ, ಒಳನುಗ್ಗಿ, ಪಾಚಿಯ ಕೆಲಸ ನಿಲ್ಲಿಸುವ ವಿಷ ಬಿಡುತ್ತೆ. ಚಳಿಗಾಲದಲ್ಲಿ ಎಲ್ಲಿರುತ್ತೆ? ಹವಳ ತಿನ್ನುವ ಬೆಂಕಿಹುಳದ ಹೊಟ್ಟೆಯಲ್ಲಿ. ಪತ್ತೇದಾರಿ ಕಥೆಯ ಹಾಗೆ ಎಲ್ಲಾ ಕೊಂಡಿ ಕೂಡಿಬಂದಿತ್ತು.

ಆಮೇಲೆ ಕಥೆ ತಿರುಗಿತು. 2003ರ ಹೊತ್ತಿಗೆ ಅದೇ ಬ್ಯಾಕ್ಟೀರಿಯಾ ಅದೇ ಹವಳಕ್ಕೆ ಏನೂ ಮಾಡಲಾರದಾಯಿತು. ಪ್ರಯೋಗಾಲಯದಲ್ಲಿ ಸುರಿದರೂ ಸೋಂಕು ಹತ್ತಲಿಲ್ಲ. ಹವಳಕ್ಕೆ ನಮ್ಮ ಹಾಗೆ ಪ್ರತಿಕಾಯ ಮಾಡುವ ವ್ಯವಸ್ಥೆ ಇಲ್ಲ, ಮತ್ತೆ ಹೇಗೆ ತಡೆಯಿತು? ರೋಸೆನ್‌ಬರ್ಗ್ ಗುಂಪು 2006ರಲ್ಲಿ ಕೊಟ್ಟ ಉತ್ತರ ಇದು: ಹವಳ ತಾನು ಬದಲಾಗಲಿಲ್ಲ, ತನ್ನೊಳಗಿನ ಬ್ಯಾಕ್ಟೀರಿಯಾ ಬಳಗವನ್ನು ಬದಲಿಸಿಕೊಂಡಿತು, ಆ ಹೊಸ ಬಳಗ ವಿಬ್ರಿಯೊವನ್ನು ಒಳಗೆ ಬಿಡುತ್ತಿಲ್ಲ. ಇದಕ್ಕೆ ಹವಳದ ಪ್ರೋಬಯಾಟಿಕ್ ಊಹೆ ಅಂತ ಹೆಸರಿಟ್ಟರು. ಎರಡೇ ವರ್ಷಕ್ಕೆ ಟ್ರೇಸಿ ಐನ್ಸ್‌ವರ್ತ್ ಮತ್ತಿತರರು ಅದೇ ಹವಳವನ್ನು ಪರೀಕ್ಷಿಸಿ, ಬಿಳುಚಲು ಬ್ಯಾಕ್ಟೀರಿಯಾ ಮೂಲ ಕಾರಣವೇ ಅಲ್ಲ ಅಂದರು.

ನನ್ನ ಲೆಕ್ಕದಲ್ಲಿ ಜಗತ್ತಿನಾದ್ಯಂತ ಒಂದೇ ಸಲ ಸಾವಿರಾರು ಕಿಲೋಮೀಟರ್ ಹವಳ ಬಿಳುಚುವಾಗ ಬ್ಯಾಕ್ಟೀರಿಯಾದ ಮೇಲೆ ಬೆರಳು ತೋರಿಸೋದು ತಪ್ಪು. ಕಾರಣ ಬಿಸಿಯೇ. ಬಿಸಿಯಾದಾಗ ಲೋಳೆಯ ಕಾವಲು ಕುಸಿಯುತ್ತೆ (ಫ್ಲಾರಿಡಾದ ಲೋಳೆ ನೆನಪಿದೆಯಾ?), ಆಗ ವಿಬ್ರಿಯೊಗಳು ಬಂದು ಸೇರುತ್ತವೆ. ಆದರೂ ಆ ಊಹೆ ವ್ಯರ್ಥ ಆಗಲಿಲ್ಲ. ಅದರಿಂದಲೇ ಮುಂದಿನ ಪ್ರಶ್ನೆ ಹುಟ್ಟಿದ್ದು.

ಪ್ರಶ್ನೆ: ಆಂಟಿಬಯಾಟಿಕ್ ತಿಂದು ಹೊಟ್ಟೆ ಕೆಟ್ಟರೆ ಅಜ್ಜಿ ಮೊಸರನ್ನ ಹಾಕುತ್ತಿದ್ದರು. ಹವಳಕ್ಕೂ ಅಂಥದ್ದೊಂದು ಮೊಸರು ಇಲ್ವಾ?
— ಮೈಸೂರಿನ ಗೃಹಿಣಿ

ಇದೆ! ಬ್ರೆಜಿಲ್‌ನ ರಾಕೆಲ್ ಪಿಶೋಟೊ ಅವರು ಮಾಡುತ್ತಿರೋದು ಅದನ್ನೇ. ಹೆಪ್ಪು ಮಾತ್ರ ಹೊರಗಿನದಲ್ಲ, ಹವಳದಿಂದಲೇ ತೆಗೆದದ್ದು. ಆರೋಗ್ಯವಾಗಿರುವ ಹವಳದಿಂದ ಬ್ಯಾಕ್ಟೀರಿಯಾ ಬೆಳೆಸಿ, ಯಾವುದು ಆ ಸುಡುವ ಆಕ್ಸಿಜನ್ ರೂಪಗಳನ್ನು ಒಡೆಯುತ್ತೆ, ಯಾವುದು ಸಾರಜನಕವನ್ನು ಹದದಲ್ಲಿಡುತ್ತೆ, ಯಾವುದು ವಿಬ್ರಿಯೊಗೆ ಎದುರು ನಿಲ್ಲುತ್ತೆ ಅಂತ ಒಂದೊಂದನ್ನೇ ಪರೀಕ್ಷಿಸಿ, ಆಯ್ದವನ್ನು ಕಲಸಿ ಹವಳದ ಮೇಲೆ ಬಿಡುತ್ತಾರೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬ್ರೆಜಿಲ್‌ನ ಮುಸ್ಸಿಸ್ಮಿಲಿಯಾ ಹಿಸ್ಪಿಡಾ ಹವಳವನ್ನು ತೊಟ್ಟಿಯಲ್ಲಿಟ್ಟು ನೀರು ಬಿಸಿ ಮಾಡಿದರು. ಬ್ಯಾಕ್ಟೀರಿಯಾ ಕೊಟ್ಟಿದ್ದ ಹವಳಗಳ ಬದುಕುಳಿಯುವಿಕೆ ಶೇ 40ರಷ್ಟು ಹೆಚ್ಚಾಯಿತು. ಬ್ಯಾಕ್ಟೀರಿಯಾ ಕೊಟ್ಟ, ಕೊಡದ ಎರಡೂ ಗುಂಪಿಗೆ ಬಿಸಿ ತಾಗಿತ್ತು, ಬಿಸಿ ಇಳಿದ ಮೇಲಿನ ಚೇತರಿಕೆಯಲ್ಲಿ ವ್ಯತ್ಯಾಸ ಕಂಡಿತು.

ತೊಟ್ಟಿ ಸರಿ, ಸಮುದ್ರದಲ್ಲಿ? ಪಿಶೋಟೊ ಈಗ ಸೌದಿ ಅರೇಬಿಯಾದ ಕೌಸ್ಟ್ ವಿಶ್ವವಿದ್ಯಾಲಯದಲ್ಲಿದ್ದಾರೆ. ಕೆಂಪು ಸಮುದ್ರದ ತಳದಲ್ಲಿ ಇದಕ್ಕೆಂದೇ ಒಂದು ಪ್ರಯೋಗದ ಜಾಗ ಮಾಡಿಕೊಂಡಿದ್ದಾರೆ. ಅಲ್ಲಿ ವಾರಕ್ಕೆ 3 ಸಲದಂತೆ 3 ತಿಂಗಳು ಮುಳುಗುಗಾರರು ಹವಳಕ್ಕೆ ಬ್ಯಾಕ್ಟೀರಿಯಾ ಹಾಕಿದರು. ಹವಳದ ಒಳಗಿನ ಬಳಗ ಬದಲಾಯಿತು, ಸುತ್ತಲಿನ ನೀರು, ಮರಳಿನ ಬ್ಯಾಕ್ಟೀರಿಯಾಗಳಿಗೆ ಏನೂ ಆಗಲಿಲ್ಲ.

ಫ್ಲಾರಿಡಾದಲ್ಲಿ ಇದಕ್ಕಿಂತ ಗಮ್ಮತ್ತಿನ ಕೆಲಸ ನಡೆದಿದೆ. ಅಲ್ಲಿ 2014ರಿಂದ ಹವಳದ ಮಾಂಸವೇ ಕಳಚಿ ಬೀಳುವ ಭಯಂಕರ ರೋಗ ಹಬ್ಬಿದೆ. ಅಮಾಕ್ಸಿಸಿಲಿನ್ ಕಲಸಿದ ಪೇಸ್ಟ್ ಗಾಯಕ್ಕೆ ಹಚ್ಚಿದರೆ ಅದು ಅಲ್ಲಿಗೆ ನಿಲ್ಲುತ್ತೆ. ನಾವು ಗಂಟಲು ನೋವಿಗೆ ನುಂಗುವ ಅದೇ ಅಮಾಕ್ಸಿಸಿಲಿನ್! ಆದರೆ ನಾಳೆ ಬೇರೆ ಕಡೆ ಹೊಸ ಗಾಯ ಏಳಬಹುದು. ಅದಕ್ಕೇ ಸ್ಮಿತ್ಸೋನಿಯನ್ ಸಂಸ್ಥೆಯ ವ್ಯಾಲೆರಿ ಪಾಲ್ ಅವರ ತಂಡ, ರೋಗ ಹತ್ತದೆ ಉಳಿದ ಒಂದು ಹವಳದಿಂದ ಸ್ಯೂಡೋಆಲ್ಟೆರೊಮೊನಾಸ್ ಬ್ಯಾಕ್ಟೀರಿಯಾ ತೆಗೆದು, ಇಡೀ ಹವಳದ ಗುಡ್ಡೆಗೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಅಂಚಿಗೆ ಭಾರ ಇಟ್ಟು, ಒಳಗೆ ಬ್ಯಾಕ್ಟೀರಿಯಾ ಬಿಟ್ಟರು. ಎರಡೂವರೆ ವರ್ಷ ನೋಡಿದಾಗ ಚೀಲದ ಚಿಕಿತ್ಸೆ ಸಿಕ್ಕ ಹವಳಗಳಲ್ಲಿ ರೋಗ ನಿಧಾನವಾಗಿತ್ತು.

ಅಷ್ಟಕ್ಕೆ ಹವಳ ಉಳಿಯಿತು ಅಂತ ಪತ್ರಿಕೆಗಳು ಬರೆದರೆ ನಂಬಬೇಡಿ. ಒಂದೊಂದು ಹವಳಕ್ಕೂ ಚೀಲ ಕಟ್ಟುತ್ತಾ ಹೋದರೆ ಎಷ್ಟು ಅಂತ ಕಟ್ಟುತ್ತೀರಿ? ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಉದ್ದವೇ 2,300 ಕಿಲೋಮೀಟರ್. ನರ್ಸರಿಯಲ್ಲಿ ಬೆಳೆಸಿ ನೆಡುವ ಹವಳಗಳಿಗೆ, ಉಳಿದಿರೋದೇ ಬೆರಳೆಣಿಕೆಯ ಜಾತಿಗಳಿಗೆ ಇದು ಉಪಯೋಗ. ಭೂಮಿ 1.5 ಡಿಗ್ರಿ ಬಿಸಿಯಾದರೆ ಶೇ 70ರಿಂದ 90ರಷ್ಟು, 2 ಡಿಗ್ರಿಯಾದರೆ ಶೇ 99ಕ್ಕೂ ಹೆಚ್ಚು ಹವಳದ ದಿಬ್ಬಗಳು ಹೋಗುತ್ತವೆ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲೇ ಹೇಳಿದೆ. ಆ ಲೆಕ್ಕಕ್ಕೆ ಈ ಮೊಸರು ಸಾಲದು.

ಪ್ರಶ್ನೆ: ಮನುಷ್ಯರ ರೋಗಾಣು ಹವಳಕ್ಕೆ ಹರಡುತ್ತಾ?
— ಉಡುಪಿಯ ಓದುಗರು

ಒಂದು ಗಟ್ಟಿ ಉದಾಹರಣೆ ಇದೆ. ಬಚ್ಚಲುಮನೆಯ ಟೈಲ್ಸ್ ಸಂದಿಯಲ್ಲಿ ಗುಲಾಬಿ ಬಣ್ಣದ ಲೋಳೆ ಕಟ್ಟುತ್ತಲ್ಲ, ಅದರಲ್ಲಿ ಸಾಮಾನ್ಯವಾಗಿ ಇರೋದು ಸೆರಾಷಿಯಾ ಮಾರ್ಸೆಸೆನ್ಸ್ ಅನ್ನೋ ಬ್ಯಾಕ್ಟೀರಿಯಾ. ಆಸ್ಪತ್ರೆ ಸೋಂಕಿಗೂ ಇದು ಹೆಸರುವಾಸಿ. ಫ್ಲಾರಿಡಾದ ಎಲ್ಕ್‌ಹಾರ್ನ್ ಹವಳದಲ್ಲಿ 1996ರಲ್ಲಿ ಬಿಳಿ ಸಿಡುಬಿನಂಥ ಕಲೆಗಳು ಕಂಡವು. ಕ್ಯಾಥರಿನ್ ಸದರ್‌ಲ್ಯಾಂಡ್ ಮತ್ತವರ ತಂಡ 2011ರಲ್ಲಿ, ಮನುಷ್ಯರ ಕೊಳಚೆ ನೀರಿನಿಂದ ತೆಗೆದ ಸೆರಾಷಿಯಾವನ್ನು ಹವಳಕ್ಕೆ ಹಾಕಿ, ಕೆಲವೇ ದಿನದಲ್ಲಿ ರೋಗ ಬರೋದನ್ನು ತೋರಿಸಿದರು.

ರೋಗಾಣುವೇ ಬೇಕು ಅಂತಿಲ್ಲ. ಕೊಳಚೆ ಬಂದು, ಪಾಚಿ ತಿನ್ನುವ ಮೀನು ಕಡಿಮೆಯಾದರೆ, ಬಂಡೆ ಮೇಲೆ ಬೇರೆ ಜಾತಿಯ ಮೆತ್ತನೆ ಪಾಚಿ ಹಬ್ಬುತ್ತೆ. ಅದು ನೀರಿಗೆ ಸಕ್ಕರೆ ಸೋರಿಸುತ್ತೆ. ಸಕ್ಕರೆ ಸಿಕ್ಕ ಬ್ಯಾಕ್ಟೀರಿಯಾ ಹುಚ್ಚೆದ್ದು ಬೆಳೆದು ಹವಳದ ಅಂಚಿನ ಆಕ್ಸಿಜನ್ ಪೂರ್ತಿ ಕುಡಿದುಬಿಡುತ್ತವೆ. ಫಾರೆಸ್ಟ್ ರೋವರ್ ಮತ್ತಿತರರು 2005ರಲ್ಲಿ ಪೆಸಿಫಿಕ್‌ನ ಲೈನ್ ದ್ವೀಪಗಳಲ್ಲಿ ಸುತ್ತಿ ನೋಡಿದಾಗ, ಜನರೇ ಇಲ್ಲದ ಕಿಂಗ್‌ಮನ್‌ಗಿಂತ ಜನವಸತಿಯ ಕಿರಿತಿಮತಿಯ ನೀರಿನಲ್ಲಿ ಸೂಕ್ಷ್ಮಜೀವಿಗಳು ಸುಮಾರು 10 ಪಟ್ಟು ಜಾಸ್ತಿ ಇದ್ದವು.

ಪ್ರಶ್ನೆ: ಹಳೆಯ ಹಡಗು ಮುಳುಗಿಸಿದರೆ ಹವಳ ಬೆಳೆಯುತ್ತದಂತೆ, ನಮ್ಮ ಲಕ್ಷದ್ವೀಪದಲ್ಲೂ ಮಾಡಬಹುದಲ್ವಾ?
— ಮಂಗಳೂರಿನ ಓದುಗರು

‘ನಮ್ಮ’ ಅಂದಿರಿ, ಪೂರ್ತಿ ತಪ್ಪಿಲ್ಲ ಬಿಡಿ. ಕಡಮತ್, ಅಮಿನಿ, ಕಿಲ್ತಾನ್ ಎಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದರೆ ಹಡಗು ಬೇಡ. ಹವಳದ್ವೀಪದ ನೀರಿನಲ್ಲಿ ಕಬ್ಬಿಣ ತೀರಾ ಕಡಿಮೆ. ಅಲ್ಲಿ ಹಡಗು ತುಕ್ಕು ಹಿಡಿದರೆ ಪಾಚಿಗೂ ಬ್ಯಾಕ್ಟೀರಿಯಾಕ್ಕೂ ಹಬ್ಬ. ಲೈನ್ ದ್ವೀಪಗಳಲ್ಲಿ ಹಡಗು ಒಡೆದ ಜಾಗದ ಸುತ್ತ ಹವಳ ಸತ್ತು, ನೀರೆಲ್ಲ ಮಬ್ಬಾಗಿ, ಬಂಡೆ ಕಪ್ಪಾಗಿತ್ತು. ಕಪ್ಪು ದಿಬ್ಬ ಅಂತಲೇ ಹೆಸರು ಬಂತು. ಕಡೆಗೆ ಪಾಲ್ಮೈರಾ, ಕಿಂಗ್‌ಮನ್‌ಗಳಿಂದ ಹಡಗಿನ ಅವಶೇಷಗಳನ್ನು ಎತ್ತಿಸಬೇಕಾಯಿತು.

ಲಕ್ಷದ್ವೀಪಕ್ಕೆ ಈಗಾಗಲೇ ಬಿಸಿನೀರಿನ ಪೆಟ್ಟು ಸಾಕಷ್ಟು ಬಿದ್ದಿದೆ. 1998, 2010, 2016, ಮತ್ತೆ 2024. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು, ರೋಹನ್ ಆರ್ಥರ್ ಮತ್ತು ಜೊತೆಯವರು, 1998ರಿಂದ ಅಲ್ಲಿ ಹವಳ ಅಳೆಯುತ್ತಾ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಜೀವಂತ ಹವಳ ಆಗ ಇದ್ದುದರ ಸುಮಾರು ಅರ್ಧಕ್ಕೆ ಇಳಿದಿದೆ. ಪ್ರತಿ ಹೊಡೆತದಲ್ಲಿ ಸಾಯುವ ಹವಳದ ಪ್ರಮಾಣ ಕಡಿಮೆಯಾಗುತ್ತಾ ಬಂದರೂ, ಎರಡು ಹೊಡೆತಗಳ ನಡುವೆ ಚೇತರಿಸಿಕೊಳ್ಳಲು ಸಮಯವೇ ಸಿಗುತ್ತಿಲ್ಲ.

ಪ್ರಶ್ನೆ: ಕುಜದೋಷಕ್ಕೆ ಅಂತ ಹವಳದ ಉಂಗುರ ಹಾಕಿದ್ದೇನೆ. ಅದರಲ್ಲೂ ಈ ಬ್ಯಾಕ್ಟೀರಿಯಾ ಇರುತ್ತವಾ?
— ಹೆಸರು ಬೇಡ ಅಂದವರು

ಉಂಗುರದಲ್ಲಿ ಇಲ್ಲ, ಅದು ಉಜ್ಜಿ ಪಾಲಿಶ್ ಮಾಡಿದ ಸುಣ್ಣ. ಅಸಲಿಯಾದರೆ ಅದು ಬಹುಶಃ ಮೆಡಿಟರೇನಿಯನ್ ಕಡೆಯ ಕೆಂಪು ಹವಳ. ಅದು ದಿಬ್ಬ ಕಟ್ಟಲ್ಲ, ಮಬ್ಬು ಬೆಳಕಲ್ಲಿ ಬದುಕುತ್ತೆ, ಅದರೊಳಗೆ ಪಾಚಿಯೂ ಇಲ್ಲ. ಜೀವಂತ ಇದ್ದಾಗ ಅದರಲ್ಲಿ ಸುರುಳಿಯಾಕಾರದ ಸ್ಪೈರೋಕೀಟ್ ಬ್ಯಾಕ್ಟೀರಿಯಾಗಳದ್ದೇ ಕಾರುಬಾರು. ಕುಜನ ವಿಷಯ ನಮ್ಮ ಜ್ಯೋತಿಷ್ಯ ಪುಟದವರನ್ನು ಕೇಳಿ.

ಪ್ರಶ್ನೆ: ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಅಂಗಡಿಯಲ್ಲಿ ಬಾಟಲಿ ಬ್ಯಾಕ್ಟೀರಿಯಾ ಸಿಗುತ್ತೆ, ಹವಳಕ್ಕೆ ಒಳ್ಳೆಯದು ಅಂತಾರೆ. ಹಾಕಲಾ?
— ಬೆಂಗಳೂರಿನ ಓದುಗರು

ಆ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರೋದು ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ. ಹೊಸ ತೊಟ್ಟಿಗೆ ಪರವಾಗಿಲ್ಲ, ಹಾಕಿ. ಪಿಶೋಟೊ ಅವರದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರು ಹವಳದಿಂದಲೇ ಆರಿಸಿ, ಆ ಹವಳದ ಮೇಲೇ ಪರೀಕ್ಷಿಸಿ ಹಾಕುತ್ತಾರೆ. ಬಾಟಲಿಗೆ ಕೊಡುವ ದುಡ್ಡಲ್ಲಿ ಒಂದು ಒಳ್ಳೆಯ ಥರ್ಮಾಮೀಟರು, ಅಮೋನಿಯಾ ಪರೀಕ್ಷೆಯ ಕಿಟ್ ತಗೊಳ್ಳಿ. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಚಿಲ್ಲರ್ ನಿಂತರೆ ಏನು ಮಾಡಬೇಕು ಅಂತ ಈಗಲೇ ಯೋಚಿಸಿಟ್ಟುಕೊಳ್ಳಿ.